ಬರೀ ಹೆಸರಿನ ಕೂಗು

ಕೋರ್ಟಿನ ಮೊಗಸಾಲೆಯಲ್ಲಿ ಈಗ ಹೆಸರು ಕೂಗುವವರಿಲ್ಲ. ಗೋಡೆಯ ಪರದೆಯ ಮೇಲೆ ಕೆಂಪು ನಂಬರು ಮೂಡುತ್ತದೆ, ಜನ ಎದ್ದು ಒಳಗೆ ಹೋಗುತ್ತಾರೆ. ಅದನ್ನು ನೋಡಿದರೆ ಮೂರುಕೂಗಿನಪ್ಪನ ಕರುಳು ಚುರುಕ್ಕೆನ್ನುತ್ತದೆ. ನಿವೃತ್ತನಾಗಿ ಬಹಳ ಕಾಲವಾದರೂ ಕಾಲು ಅತ್ತಲೇ ಎಳೆಯುತ್ತದೆ, ಏನು ಮಾಡುವುದು?

ಆ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದ ಜವಾನ ಅವನೇ. ಸಾಹುಕಾರನಿರಲಿ, ಜೇಬುಗಳ್ಳನಿರಲಿ, ಹಿಂದೆ ಮುಂದೆ ಏನೂ ಅಂಟಿಸದೆ ಬರೀ ಹೆಸರು, ಮೂರು ಸಲ. ಮನೆಯಲ್ಲಿ ಮಗಳನ್ನು ಊಟಕ್ಕೆ ಕರೆಯುವಾಗಲೂ ಅದೇ ಚಾಳಿ. "ಒಂದ್ಸಲ ಕರೆದ್ರೆ ಸಾಕಪ್ಪಾ, ನಾನೇನು ಆರೋಪಿನಾ?" ಎಂದು ಅವಳು ಸಿಡುಕುತ್ತಿದ್ದಳು.

ಕೋರ್ಟಿನ ಎದುರಿಗೇ ಅವನ ಗೆಳೆಯನ ಟೀ ಅಂಗಡಿ. ಗೆಳೆಯನಿಗೆ ಕೈಗಿಂತ ನಾಲಿಗೆ ಚುರುಕು. ಬಾಗಿಲಲ್ಲಿ ಕಪ್ಪುಹಲಗೆ ಇಟ್ಟು ದಿನಕ್ಕೊಂದು ಕುಚೋದ್ಯ ಬರೆಯುತ್ತಿದ್ದ. ಒಮ್ಮೆ ಬರೆದ: 'ನಾಯಕರು ಹಾಕಿಸಿದ ರಸ್ತೆ ಬಲು ಗಟ್ಟಿ. ಯಾರೂ ಅದರ ಮೇಲೆ ಓಡಾಡದಿದ್ದರೆ.' ಊರೆಲ್ಲ ನಕ್ಕಿತು, ಅಧಿಕಾರದಲ್ಲಿದ್ದ ನಾಯಕರು ನಗಲಿಲ್ಲ. ಅಂಗಡಿಗೆ ಬೀಗ ಬಿತ್ತು, ಗೆಳೆಯ ಜೈಲಿಗೆ ಹೋದ. ಅವನ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಯಾವ ಕಾನೂನಿನ ಪ್ರಕಾರ ಬೀಗ ಹಾಕಿಸಿದಿರಿ, ನೀವೇ ಬಂದು ಹೇಳಿ ಎಂದು ನ್ಯಾಯಾಧೀಶರು ನಾಯಕರಿಗೇ ಆದೇಶ ಕಳಿಸಿದರು.

ವಿಚಾರಣೆಯ ಹಿಂದಿನ ದಿನ ನಾಯಕರ ಕಡೆಯವನೊಬ್ಬ ಜವಾನನ ಮನೆಗೆ ಬಂದ.

"ಹೆಸರಿಗೆ ಮೊದಲು 'ಸನ್ಮಾನ್ಯ ನಾಯಕರು' ಅಂತ ಸೇರಿಸಿ ಕರೀಬೇಕು. ನೀನಿರೋ ಮನೆ ಸರ್ಕಾರದ್ದು, ನೆನಪಿರ್ಲಿ."

ಅವನು ಹೋದ ಮೇಲೆ ಹೆಂಡತಿ ಹೇಳಿದಳು, "ಸೇರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಮಗಳನ್ನ ಕರ್ಕೊಂಡು ಬೀದೀಲಿ ನಿಲ್ಲೋಣ್ವಾ?"

"ಹಾಗೆ ಕರೆದ್ರೆ ಅವ್ರು ಕೇಸಿಗೆ ಬಂದಂಗಿರಲ್ಲ ಕಣೆ, ಸನ್ಮಾನಕ್ಕೆ ಬಂದಂಗಿರುತ್ತೆ," ಎಂದನೇ ಹೊರತು, ಅವನಿಗೂ ಒಳಗೊಳಗೇ ಪುಕಪುಕ.

ಮರುದಿನ ಮೊಗಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮೇಲೆ ನಾಯಕರು, ಸುತ್ತ ಅವರ ಹಿಂಬಾಲಕರು. ದಿನಾ ಕುಡಿಯುತ್ತಿದ್ದ ಬಿಸಿ ಟೀ ಇಲ್ಲದೆ ಮೂರುಕೂಗಿನಪ್ಪನ ಗಂಟಲು ಒಣಗಿತ್ತು. ಬರೀ ಹೆಸರು ಕೂಗಿದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದಾಗ ಯಾರೋ "ಲೇ, ಮರ್ಯಾದೆ" ಎಂದು ಗದರಿದರು. ಮೂಲೆಯಲ್ಲಿ ಪೊಲೀಸರ ನಡುವೆ ಗೆಳೆಯ ನಿಂತಿದ್ದ, ಗಡ್ಡ ಬೆಳೆದು ಇಳಿದುಹೋಗಿದ್ದ. ಅವನ ಮುಖ ನೋಡಿದ್ದೇ ತಡ, ಮೂರನೆಯ ಕೂಗಿಗೆ ಕಿಟಕಿಯ ಗಾಜು ಅದುರಿತು. ಅದೇ ಬರೀ ಹೆಸರು.

ನಾಯಕರು ಎದ್ದರು. "ಬಂದೆ," ಎಂದರು, ಎಲ್ಲರೂ ಹೇಳುವಂತೆಯೇ.

ತೀರ್ಪು ಬಂತು, ಗೆಳೆಯ ಬಿಡುಗಡೆಯಾದ, ಬೀಗ ತೆಗೆದರು. ಮನೆ ಖಾಲಿ ಮಾಡು ಎನ್ನಲು ಯಾರೂ ಬರಲಿಲ್ಲ. ಮೂರುಕೂಗಿನಪ್ಪ ಹಿರಿಹಿರಿ ಹಿಗ್ಗುತ್ತ ಅಂಗಡಿಗೆ ಹೋದರೆ ಹಲಗೆಯ ಮೇಲೆ ಬರೆದಿತ್ತು: 'ನಮ್ಮ ಜವಾನನ ಮೊದಲ ಕೂಗು ಸೊಳ್ಳೆಗೂ ಕೇಳಿಸಲಿಲ್ಲ.' ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನಿಗೆ ಮೈಯೆಲ್ಲ ಉರಿಯಿತು. ವಾರವಿಡೀ ಮುಖ ಊದಿಸಿಕೊಂಡು ಬೇರೆ ಅಂಗಡಿಯ ಕಲಗಚ್ಚು ಕುಡಿದ. ಕೊನೆಗೆ ತಡೆಯಲಾರದೆ ಬಂದು ಕೂತ.

"ನನ್ನ ಮೇಲೇ ಬರೀಬೇಕಿತ್ತೇನೋ?"

"ಯಾಕೆ, ಬೀಗ ಹಾಕಿಸ್ತೀಯಾ?"

"ಆಮೇಲೆ ಕೋರ್ಟಲ್ಲಿ ನನ್ನ ಹೆಸರು ನಾನೇ ಕೂಗ್ಬೇಕಾಗುತ್ತೆ. ಟೀ ಕೊಡು."

ಗೆಳೆಯ ಈಗಿಲ್ಲ. ಪರದೆಯ ನಂಬರು ಬದಲಾದಾಗಲೆಲ್ಲ ಮುದುಕ ಮನಸ್ಸಿನಲ್ಲೇ ಒಂದು ಹೆಸರನ್ನು ಮೂರು ಸಲ ಕೂಗುತ್ತಾನೆ. ಅದು ನಾಯಕರ ಹೆಸರಲ್ಲ.