ಕವರ್ ಆಡುತ್ತಿದ್ದ ನಮ್ಮ ಮಾವ

ನಮ್ಮ ಮಾವ ಕೈ ಮುಗಿದರೆ ಎಡಗೈಯ ಕಿರುಬೆರಳು ಮಾತ್ರ ಉಳಿದವುಗಳ ಜೊತೆ ಕೂಡದೆ ಹೊರಗೆ ಚಾಚಿ ನಿಲ್ಲುತ್ತಿತ್ತು. ಗೆಣ್ಣು ಊದಿ ಗಟ್ಟಿಯಾಗಿ, ತುದಿ ಓರೆಯಾಗಿತ್ತು. ಆಟದಲ್ಲಿ ಬೆರಳು ಕೀಲು ತಪ್ಪಿದರೆ ಅವನು ಹೊರಗೆ ಹೋಗುತ್ತಿರಲಿಲ್ಲ. ಹಲ್ಲು ಕಚ್ಚಿ ಅಲ್ಲೇ ಜಗ್ಗಿ ಕೂಡಿಸಿಕೊಂಡು, ಅದೇ ಕೈಯಿಂದ ಪಕ್ಕದವನ ಕೈ ಹಿಡಿಯುತ್ತಿದ್ದ. ಗುಡಿಯಲ್ಲಿ ಅವನು ಕಣ್ಣು ಮುಚ್ಚಿ ನಿಂತಾಗ ಅತ್ತೆ ನನ್ನನ್ನು ತಿವಿದು, “ನೋಡಲ್ಲಿ, ಒಂಬತ್ತು ಬೆರಳು ದೇವ್ರಿಗೆ, ಒಂದು ಕಬಡ್ಡಿಗೆ” ಎನ್ನುತ್ತಿದ್ದಳು.

ಮಾವ ನಮ್ಮ ಅವ್ವನ ತಮ್ಮ. ದೇಶನೂರಿನವನು. ಅಲ್ಲಿ ಭತ್ತ ಕೊಯ್ದ ಮೇಲೆ ಗದ್ದೆಯ ಕೂಳೆ ಕಿತ್ತು, ನೀರು ಹೊಡೆದು, ಹತ್ತಾರು ಮಂದಿ ತುಳಿದು ಅಂಕಣ ಮಾಡುತ್ತಿದ್ದರು. ಆ ಮಣ್ಣಿನಲ್ಲಿ ಆಡಿ ಬೆಳೆದ. ಆಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದು ಅವನನ್ನು ತನ್ನ ತಂಡಕ್ಕೆ ಕರೆಯಿತು. ಹಗಲು ಚೀಲ ಹೊರುವುದು, ಸಂಜೆ ಆಡುವುದು. ಅಲ್ಲಿಂದ ಬಳ್ಳಾರಿಯ ಒಂದು ಕಾರ್ಖಾನೆ ಆಟಕ್ಕೆಂದೇ ಕರೆದು ಕೆಲಸ ಕೊಟ್ಟಿತು. ಹಾಗೆ ಆಟವೇ ಅವನ ಹೊಟ್ಟೆಪಾಡಾಯಿತು.

ಅವನು ಆಡುತ್ತಿದ್ದದ್ದು ಕವರ್. ಕಬಡ್ಡಿ ನೋಡುವವರ ಕಣ್ಣೆಲ್ಲ ರೈಡರ್ ಮೇಲೆ. ಸಿಳ್ಳೆ ಅವನಿಗೆ, ಹಾರ ಅವನಿಗೆ, ಪೇಪರಿನಲ್ಲಿ ಫೋಟೋ ಅವನದು. ಎದುರಾಳಿ ರೈಡರನ್ನು ಹಿಡಿಯುವವರಲ್ಲಿಯೂ ಹೆಸರು ಬರುವುದು ಮೂಲೆಯವನಿಗೆ. ಅವನು ಹಾರಿ ಕಾಲು ಹಿಡಿಯುತ್ತಾನೆ. ಕವರ್‌ನವನು ಆ ಹೊತ್ತಿಗೆ ಮೇಲೆ ಬಂದು ಗೋಡೆಯ ಹಾಗೆ ನಿಲ್ಲಬೇಕು, ರೈಡರ್ ಗೆರೆ ಮುಟ್ಟದಂತೆ ಒತ್ತಬೇಕು, ಅಷ್ಟೇ. ಮೂಲೆಯವನು ಹಿಡಿಯುವ ಮೊದಲೇ ಆಸೆಪಟ್ಟು ಇವನು ಮುಂದೆ ಬಿದ್ದರೆ ಕೆಟ್ಟಿತು. ರೈಡರ್ ಹಾರಿ ದಾಟಿ ಹೋಗುತ್ತಾನೆ.

“ಹಿಡಿಯೋದು ಅವನ ಕೆಲಸ, ಬಿಡದಂಗ ಇರೋದು ನಮ್ಮ ಕೆಲಸ” ಎನ್ನುತ್ತಿದ್ದ ಮಾವ. ಅವನು ರೈಡಿಗೆ ಹೋದದ್ದನ್ನು ನಾನಂತೂ ನೋಡಿಲ್ಲ.

ಅವನ ಜೊತೆಗೆ ಶುರು ಮಾಡಿದ ರೈಡರುಗಳು ಮಿಂಚಿ, ಒಬ್ಬ ಮಂಡಿ ಮುರಿದುಕೊಂಡು, ಒಬ್ಬ ಬೆನ್ನು ಹಿಡಿದುಕೊಂಡು, ಒಬ್ಬ ದೊಡ್ಡ ಕೆಲಸಕ್ಕೆ ಏರಿ ಆಟ ಬಿಟ್ಟರು. ಮಾವ ಉಳಿದ. ಜ್ವರವಿದ್ದರೂ ಆಡಿದ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಆಡಿದ. ತಂಡದಲ್ಲಿ ಯಾರ ಹೆಸರು ಇರಲಿ ಬಿಡಲಿ, ಅವನ ಹೆಸರು ಇರುತ್ತಿತ್ತು. ಮಣ್ಣು ಹೋಗಿ ಮ್ಯಾಟ್ ಬಂದಾಗ ಮಾತ್ರ ಸ್ವಲ್ಪ ಹೆದರಿದ. ಮ್ಯಾಟ್ ಮೇಲೆ ಬೂಟು ಹಾಕಬೇಕು, ಇವನೋ ಜನ್ಮದಲ್ಲಿ ಬೂಟು ಹಾಕಿದವನಲ್ಲ. ರೂಢಿಯಾಗಲಿ ಎಂದು ಮನೆಯಲ್ಲೆಲ್ಲ ಬೂಟು ಹಾಕಿಕೊಂಡೇ ತಿರುಗಾಡತೊಡಗಿದ. ಅತ್ತೆ ಲಟ್ಟಣಿಗೆ ಹಿಡಿದು ಬಾಗಿಲಿಗೆ ನಿಂತಳು.

“ಒಲಿ ಹತ್ರ ಆ ಬೂಟು ತಂದ್ಯೋ, ಇವತ್ತು ರೊಟ್ಟಿ ಇಲ್ಲ ನೋಡು.”

“ರೊಟ್ಟಿ ಬ್ಯಾಡ ಬಿಡು. ಕಾಲು ಕಚ್ಚಾಕತ್ತೈತಿ, ಒಂದೀಟು ಎಣ್ಣಿ ಕೊಡು.”

ಈ ಅತ್ತೆಗೆ ಮೊದಮೊದಲು ಕಬಡ್ಡಿ ಅಂದರೇನೆಂದೇ ಗೊತ್ತಿರಲಿಲ್ಲವಂತೆ. ಮದುವೆಯಾದ ಹೊಸತು. ಮಾವ ಸಿರುಗುಪ್ಪಕ್ಕೆ ಆಡಲು ಹೋಗಿದ್ದ. ಆಟ ನೋಡಿ ಅರ್ಧಕ್ಕೇ ಊರಿಗೆ ಬಂದ ಪಕ್ಕದ ಮನೆಯ ಮುದುಕನನ್ನು ಅತ್ತೆ, “ನಮ್ಮನಿಯವ್ರು ಹೆಂಗ ಅದಾರ ತಾತ?” ಎಂದು ಕೇಳಿದಳು. ನಮ್ಮ ಕಡೆ ಆಟದಲ್ಲಿ ಔಟಾದವನನ್ನು ಸತ್ತ ಎನ್ನುವುದೇ ರೂಢಿ. ಮುದುಕ ರುಮಾಲು ಬಿಚ್ಚುತ್ತ, “ನಿನ್ನ ಗಂಡ ಸತ್ತ ನೋಡವ್ವ” ಎಂದ. ಅತ್ತೆ ಎದೆ ಬಡಿದುಕೊಂಡು ಅಂಗಳದಲ್ಲಿ ಕುಸಿದಳು. ಓಣಿಯೇ ಕೂಡಿತು. ಮುದುಕ ಗಾಬರಿಯಾಗಿ, “ಅಳಬ್ಯಾಡ ಯವ್ವಾ, ಸತ್ತು ಹೊರಗ ಕುಂತಾನ” ಎಂದು ಸಮಾಧಾನ ಮಾಡಿದ. ಅತ್ತೆ ಅಳು ನಿಲ್ಲಿಸಿ, “ಸತ್ತಾವ ಹೆಂಗ ಕುಂದರ್ತಾನೋ?” ಎಂದಳಂತೆ. ರಾತ್ರಿಯ ಊಟಕ್ಕೆ ಮಾವ ಬಂದಾಗ ಬೈಸಿಕೊಂಡದ್ದು ಮುದುಕನಲ್ಲ, ಮಾವನೇ.

ನಾನು ಬಿ.ಎ. ಓದಲು ಬಳ್ಳಾರಿಗೆ ಬಂದದ್ದು ಈ ಮನೆಗೆ. ಪಾರ್ವತಿನಗರದ ದೊಡ್ಡ ಮನೆಯೊಂದರ ಹಿಂದೆ ಬಾಡಿಗೆಗಿದ್ದ ಒಂದು ಕೋಣೆ, ಒಂದು ಅಡಿಗೆಮನೆ. ಅವರಿಗೇ ಇಬ್ಬರು ಸಣ್ಣ ಮಕ್ಕಳು. ಆದರೂ ಗೋಡೆಯ ಪಕ್ಕದ ಜಾಗ ನನ್ನದಾಯಿತು. ನಮ್ಮದು ಬಾದನಹಟ್ಟಿ, ಅಪ್ಪ, ಅಜ್ಜ, ಅವರಪ್ಪ ಎಲ್ಲ ಹೊಲದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬಿಟ್ಟಿ ಬಂದದ್ದಲ್ಲ ಅದು.

ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಊರ ಕಟ್ಟೆಯಲ್ಲಿ ಯಾರೋ ಅಪ್ಪನಿಗೆ, “ನಿನ್ನ ಮಗಳು ಕಲಿಯಾಕ ಹೋಗ್ಯಾಳೋ, ಬಳ್ಳಾರಿ ನೋಡಾಕ ಹೋಗ್ಯಾಳೋ?” ಎಂದರಂತೆ. ಅದು ಅಪ್ಪನಿಗೆ ಚುಚ್ಚಿತು. ಮರುದಿನ ಮೆಣಸಿನಕಾಯಿ ಇಳಿಸಲು ಬಳ್ಳಾರಿಗೆ ಬರುವ ಟೆಂಪೋದಲ್ಲಿ ಬಂದು, ಅದರಲ್ಲೇ ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಫೋನು ಮಾಡಿದ.

ನಾನು ಮಾವನ ಮುಂದೆ ಕುಳಿತೆ. “ಮಾವ, ನೀ ಒಂದು ಮಾತು ಹೇಳು. ನಿನ್ನ ಮಾತು ಅಪ್ಪ ತಗದುಹಾಕಂಗಿಲ್ಲ.”

ಮಾವ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. “ನಾ ಹೇಳಂಗಿಲ್ಲ.”

“ಯಾಕ?”

“ನಾ ಮುಂದ ಬಿದ್ನಿ ಅಂದ್ರ ನಿಮ್ಮಪ್ಪ ನನ್ನ ದಾಟ್ಕೊಂಡು ಹೋಗ್ತಾನ. ನಂಗೂ ಅವಂಗೂ ಜಗಳ ಆಗಿ ಮಾತು ಎಲ್ಲಿಗೋ ಹೋಗ್ತೈತಿ. ಕಾಲೇಜು ನಿಂದು. ಮೊದ್ಲು ನೀ ಹಿಡಿ. ನಾ ಹಿಂದ ಅದೀನಿ.”

ನನಗೆ ಸಿಟ್ಟು ಬಂತು. ಇದು ಆಟವೇನು? ಅಪ್ಪನ ಎದುರು ತಲೆ ಎತ್ತಿ ಮಾತಾಡಿದವಳೇ ಅಲ್ಲ ನಾನು.

ಮರುದಿನ ಟೆಂಪೋ ಮನೆಯ ಮುಂದೆ ನಿಂತಿತು. ಅಪ್ಪ ಒಳಗೆ ಬಂದು ನೀರು ಕುಡಿದು, “ನಡಿ” ಎಂದ. ಮಾವ ಎದ್ದು ನನ್ನ ಟ್ರಂಕನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಟೆಂಪೋದಲ್ಲಿ ಇಟ್ಟೇಬಿಟ್ಟ! ಅತ್ತೆ, ನಾನು ಇಬ್ಬರೂ ಬಾಯಿ ತೆರೆದು ನಿಂತೆವು. ಟ್ರಂಕು ಇಟ್ಟ ಮಾವ ಅಲ್ಲಿಂದ ಸರಿಯಲಿಲ್ಲ. ಟೆಂಪೋದ ಹಿಂದಿನ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಅಗಲ ಮಾಡಿ, ಅಂಕಣದಲ್ಲಿ ನಿಲ್ಲುವ ಹಾಗೆ ನಿಂತು ನನ್ನನ್ನೇ ನೋಡಿದ.

ಇನ್ನು ನಾನೇ ಬಾಯಿ ಬಿಡಬೇಕು ಎಂದು ಆಗ ಗೊತ್ತಾಯಿತು.

“ಅಪ್ಪಾ, ನಾ ಒಂದರಾಗ ಫೇಲಾಗೀನಿ, ಉಳಿದಾವೆಲ್ಲ ಪಾಸಾಗೀನಿ. ಫೇಲಾಗೀನಂತ ಕರಕೊಂಡು ಹೋಗಾಕ ಬಂದಿ. ಪಾಸಾದಾಗ ಒಮ್ಮೆರ ಬಂದಿದ್ದಿಯೇನು?”

ಅಪ್ಪ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದ. ಆಮೇಲೆ ಮುಖ ತಿರುಗಿಸಿ, “ಟೆಂಪೋ ಹತ್ತು” ಎಂದ.

“ಹತ್ತಂಗಿಲ್ಲ. ಇನ್ನೊಮ್ಮೆ ಬರೀತೀನಿ.”

ಡ್ರೈವರ್ ಹಾರ್ನ್ ಹೊಡೆದ. ಅಪ್ಪ ಬಾಗಿಲು ಹಾಕಲೆಂದು ಹೋಗಿ ಟೆಂಪೋದ ಹಿಂದೆ ನಿಂತ. “ಸರಿಯಲೇ ಇತ್ಲಾಗ.”

“ನೀ ಹೂಂ ಅನ್ನು ಬಾವ, ಸರೀತೀನಿ.”

“ನೀನ ಟ್ರಂಕ್ ಇಟ್ಟು, ನೀನ ಅಡ್ಡ ನಿಂತ್ರ ಹೆಂಗಲೇ?”

“ಟ್ರಂಕ್ ಏನ್ ಓದ್ತೈತಾ? ಒಯ್ಯಿ ಬೇಕಾದ್ರ. ಹುಡುಗಿ ಹೇಳಿದ್ದಕ್ಕ ಉತ್ತರ ಕೊಟ್ಟು ಹೋಗು.”

ಡ್ರೈವರ್ ಕಿಸಕ್ಕನೆ ನಕ್ಕ. ಅಪ್ಪನಿಗೆ ನಗು ಬರಲಿಲ್ಲ, ಆದರೆ ಮೊದಲಿನ ಬಿಗಿಯೂ ಉಳಿಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ. “ಮತ್ತ ಫೇಲಾದ್ರ?”

“ಮತ್ತ ಬರೀತಾಳ. ನಾ ಸೋತ ಮರುದಿನ ಗ್ರೌಂಡಿಗೆ ಹೋಗಿಲ್ಲೇನು?”

ಮಾವ ಗಟ್ಟಿಯಾಗಿ ಮಾತಾಡಲಿಲ್ಲ, ಅಪ್ಪನ ಮೈ ಮುಟ್ಟಲಿಲ್ಲ, ಒಂದು ಹೆಜ್ಜೆ ಸರಿಯಲೂ ಇಲ್ಲ. ಕೊನೆಗೆ ಅಪ್ಪ, “ಇಳಸಿಕೋ ಹೋಗು ನಿನ್ನ ಟ್ರಂಕು” ಎಂದು ನನಗೆ ಹೇಳಿ ಡ್ರೈವರ್ ಪಕ್ಕ ಹೋಗಿ ಕುಳಿತ.

ಆಮೇಲೆ ಬೆಳಗಿನ ಜಾವ ಮಾವ ಪ್ರಾಕ್ಟೀಸಿಗೆ ಎದ್ದಾಗಲೆಲ್ಲ ನನ್ನ ಹೊದಿಕೆಯ ತುದಿ ಎಳೆದು, “ಏಳು, ಹೊತ್ತಾತು” ಎಂದು ಹೋಗುತ್ತಿದ್ದ. ಅವನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ, ನನಗೆ ಏನನ್ನೂ ಹೇಳಿಕೊಡಲಿಲ್ಲ. ಆದರೆ ಮಂಡಿ ಊದಿ ಕುಂಟುತ್ತ ಹೋಗುವವನನ್ನು ನೋಡಿದ ಮೇಲೆ ಮತ್ತೆ ಮಲಗುವುದು ನನ್ನಿಂದ ಆಗುತ್ತಿರಲಿಲ್ಲ. ಪಾಸಾದೆ. ಡಿಗ್ರಿ ಮುಗಿಯಿತು, ಬಿ.ಇಡಿ. ಆಯಿತು. ಈಗ ಕುರುಗೋಡಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ.

ಊರಿನಲ್ಲಿ ಈ ಕಥೆಯನ್ನು ಅಪ್ಪ ಬೇರೆ ತರಹ ಹೇಳುತ್ತಿದ್ದ. “ಎಲ್ಲಾರೂ ಬಿಡಸು ಅಂದ್ರು. ನಾ ಕೇಳ್ಲಿಲ್ಲ. ಓದವ್ವ, ನಾ ಅದೀನಿ ಅಂದೆ” ಎನ್ನುತ್ತಿದ್ದ. ಪಕ್ಕದಲ್ಲೇ ಕೂತ ಮಾವ, “ಹೌದೌದು, ಬಾವ ಗಟ್ಟಿ ನಿಂತ” ಎಂದು ತಲೆಯಾಡಿಸುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಮಾವನನ್ನು ಕೇಳಿಯೂ ಬಿಟ್ಟೆ. “ಇರ್ಲಿ ಬಿಡವ್ವ. ಊರಾಗ ಹಂಗ ಹೇಳ್ಕೊಂಡ ಮ್ಯಾಲೆ ಅವ ನಿನ್ನ ನೌಕ್ರಿ ಬಿಡಸಾಕಾರ ಬರ್ತೈತೇನು?” ಎಂದು ನಕ್ಕ.

ಮಾವ ಆಟ ಬಿಟ್ಟ ದಿನ ಸಮಾರಂಭವೇನೂ ಆಗಲಿಲ್ಲ. ಹೊಸ ಹುಡುಗನೊಬ್ಬ ಚೆನ್ನಾಗಿ ನಿಲ್ಲುವುದನ್ನು ಕಲಿತಿದ್ದ. ಮಾವ ಅವನಿಗೆ ಜಾಗ ಬಿಟ್ಟು ಕಾರ್ಖಾನೆಯ ಕೆಲಸ ಮಾಡಿಕೊಂಡಿದ್ದ. ಕಳೆದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಗೋಡೆಗೆ ಹಾಕಲು ಅವನೊಬ್ಬನದೇ ಫೋಟೋ ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲ ತಂಡದವೇ. ಒಂದರಲ್ಲಿ ಮುಖ ಚೆನ್ನಾಗಿತ್ತು, ಆದರೆ ಎರಡೂ ಕಡೆಯವರ ಭುಜ ಅವನಿಗೆ ಆತುಕೊಂಡಿದ್ದವು. ಸ್ಟುಡಿಯೋದವನು, “ಭುಜ ತೆಗೀಲೇನಮ್ಮ?” ಎಂದ. ಅತ್ತೆ, “ಇರ್ಲಿ ಬಿಡ್ರಿ” ಎಂದಳು.

ದಿನಕರ್ಮಕ್ಕೆ ಜೊತೆಗಾರರೆಲ್ಲ ಬಂದಿದ್ದರು. ಒಂದು ಕಾಲದ ದೊಡ್ಡ ರೈಡರ್, ಈಗ ದೊಡ್ಡ ಅಧಿಕಾರಿ, ಫೋಟೋಕ್ಕೆ ಹೂವು ಹಾಕಿ ಬಂದು ನಮ್ಮ ಅಪ್ಪನ ಪಕ್ಕ ಕುಳಿತು ಕೇಳಿದರು, “ಇವರು ನಿಮಗ ಏನಾಗಬೇಕಿತ್ರಿ?”

ಬಾಮೈದ ಎಂದರೆ ಮುಗಿದಿತ್ತು. ಚಹಾ ತಂದು ಎದುರಿಗೆ ನಿಂತಿದ್ದ ನನ್ನನ್ನು ಅಪ್ಪ ತೋರಿಸಿದ.

“ಈಕಿ ನನ್ನ ಮಗಳ್ರಿ. ಈಕಿನ್ನ ಓದಿಸಿದಾವ ಅವ.”