ಬಾಣಂತಿ ಆರಿಸಿದ ಹಾಸಿಗೆ

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗೋಡೆ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ನಾಗಮಂಗಲದ ಬಸ್ಸಿಗೆ ಆಗಲೇ ತಡವಾಗಿತ್ತು. ಅಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪಾಂಡವಪುರದ ಮಗ್ಗುಲಿನ ನಮ್ಮ ಊರಿನಿಂದ ದಿನಾ ಓಡಾಡುತ್ತೇನೆ. ತಂಗಿ ಹೆರಿಗೆಗೆಂದು ಮನೆಗೆ ಬಂದಿದ್ದಳು, ಮಗು ಹುಟ್ಟಿ ಮೂರನೇ ವಾರ ನಡೆಯುತ್ತಿತ್ತು. ಹೋಗಿಬರುತ್ತೇನೆ ಎಂದು ಹೇಳಲು ಬಾಣಂತಿ ಕೋಣೆಯ ಬಾಗಿಲು ತಳ್ಳಿದೆ.

ಕೋಣೆಯ ತುಂಬ ಹೊಗೆ. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ತಾಯಿ ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಾರೆ, ಮಂಚದ ಕೆಳಗೆ ಕೆಂಡದ ಬಟ್ಟಲು ಇಡುತ್ತಾರೆ. ನಮ್ಮ ಮನೆಯಲ್ಲಿ ಹೆತ್ತ ಹೆಂಗಸರೆಲ್ಲ ಆ ಹಗ್ಗದ ಮಂಚದ ಮೇಲೆ ಮಲಗಿ, ಹಗ್ಗದ ಸಂದಿಯಿಂದ ಬರುವ ಕಾವಿಗೆ ಬೆನ್ನು ಕೊಟ್ಟವರೇ. ಹಗ್ಗದ ಮೇಲೆ ಒಂದು ಕಂಬಳಿ, ಒಂದು ಹಳೇ ಸೀರೆ, ಅಷ್ಟೇ ಹಾಸುತ್ತಿದ್ದುದು. ಈ ಸಲ ತಂಗಿಗೆ ಹೊಟ್ಟೆ ಕುಯ್ದು ಹೆರಿಗೆಯಾಗಿತ್ತು. ಹಗ್ಗ ಒತ್ತುತ್ತದೆ, ಹೊಲಿಗೆ ನೋಯುತ್ತದೆ ಎಂದು ಅವಳು ಅತ್ತಿದ್ದಕ್ಕೆ ಮನೆಯಲ್ಲಿದ್ದ ದಪ್ಪ ಹತ್ತಿ ಹಾಸಿಗೆಯನ್ನು ಅದೇ ಮಂಚದ ಮೇಲೆ ಹಾಸಿದ್ದರು. ಹಾಸಿಗೆ ಬಂತು, ಕೆಂಡದ ಬಟ್ಟಲು ಹೋಗಲಿಲ್ಲ. ಹಾಸಿಗೆಯ ಭಾರಕ್ಕೆ, ಅವಳ ಭಾರಕ್ಕೆ ಹಗ್ಗ ಜೋತು ಬಿದ್ದು ಹಾಸಿಗೆಯ ಹೊಟ್ಟೆ ಕೆಂಡಕ್ಕೆ ಹತ್ತಿರ ಬಂದಿತ್ತು. ಅದನ್ನು ಯಾರೂ ಬಗ್ಗಿ ನೋಡಿರಲಿಲ್ಲ.

ಹೊಗೆ ಇರಬೇಕಾದ ಹೊತ್ತಿನಲ್ಲಿ ಹೊಗೆ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಬಂದದ್ದು ವಾಸನೆಯಿಂದ. ಸಾಂಬ್ರಾಣಿಯ ಅಡಿಯಲ್ಲಿ ಬೇರೆ ಏನೋ ಇತ್ತು, ಹಳೇ ಬಟ್ಟೆ ಸುಡುವ ಕಮಟು. ತಂಗಿ ಎಣ್ಣೆನೀರಿನ ಸುಸ್ತಿಗೆ ನಿದ್ದೆ ಹೋಗಿದ್ದಳು. ಮಗು ಅವಳ ತೋಳಿನ ಮೇಲೆ ಮಲಗಿತ್ತು. ಅವಳ ಸೊಂಟದ ಪಕ್ಕದಲ್ಲಿ, ಹೊದಿಕೆಯ ಅಂಚಿನಿಂದ, ಒಂದು ತೆಳ್ಳನೆಯ ಹಳದಿ ಹೊಗೆ ನಿಧಾನವಾಗಿ ಏಳುತ್ತಿತ್ತು.

ಮಗುವನ್ನು ಕಿತ್ತುಕೊಂಡೆ. ತಂಗಿಯ ರಟ್ಟೆ ಹಿಡಿದು ಎಳೆದೆ. ಹೊಲಿಗೆ, ಹಸಿಮೈ, ಯಾವುದೂ ತಲೆಗೆ ಬರಲಿಲ್ಲ. ಅವಳು ಕಿರುಚಿದಳು. ಕೊಟ್ಟಿಗೆಯಿಂದ ಓಡಿಬಂದ ಅಪ್ಪ ಹಾಸಿಗೆಯ ತುದಿ ಹಿಡಿದು ಅಂಗಳಕ್ಕೆ ಎಳೆದರು. ಹೊರಗಿನ ಗಾಳಿ ತಾಗಿದ ಕೂಡಲೇ, ಅಲ್ಲಿಯವರೆಗೆ ಬರೀ ಹೊಗೆಯಾಡುತ್ತಿದ್ದ ಹಾಸಿಗೆ ಭಗ್ಗೆಂದು ಹತ್ತಿಕೊಂಡಿತು.

ಆ ‘ಭಗ್’ ನನ್ನ ಕಿವಿಯಲ್ಲಿ ಈಗಲೂ ಇದೆ. ಪಾಠದ ನಡುವೆ, ಬಸ್ಸಿನ ಕಿಟಕಿಯ ಪಕ್ಕ, ಕುಕ್ಕರಿನ ಮುಂದೆ ನಿಂತಾಗ, ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ: ಗಡಿಯಾರ, ಬಾಗಿಲು, ವಾಸನೆ. ಕೆಲವು ಸಲ ನನ್ನ ತಲೆಯೊಳಗೆ ನಾನು ಬಾಗಿಲು ತಳ್ಳುವುದೇ ಇಲ್ಲ. ಬಸ್ಸಿಗೆ ಓಡಿಹೋಗಿರುತ್ತೇನೆ.

ಮಗುವಿಗೆ ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ತಂಗಿಯ ತೊಡೆಯ ಹಿಂದೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಅದು ಮಾಗಿತು. ಮಾಗದೆ ಉಳಿದದ್ದು ನಿದ್ದೆ. ಮೆತ್ತಗಿರುವ ಯಾವುದರ ಮೇಲೂ ಅವಳು ಮೈಚಾಚಲು ಒಪ್ಪಲಿಲ್ಲ. ಬರೀ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಒರಗಿ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಕೂತಲ್ಲೇ ತೂಕಡಿಸಿ, ಬೆಚ್ಚಿ, ಚಾಪೆಯ ಅಡಿಗೆ ಕೈ ತೂರಿಸಿ ನೋಡುತ್ತಿದ್ದಳು. ಹೊಲಿಗೆ ಕೀವು ಕಟ್ಟುವ ಹಾಗಾಯಿತು. ಎದೆಹಾಲು ಕಡಿಮೆಯಾಯಿತು. ಹೀಗೇ ಕೂತರೆ ಆಗುವುದಿಲ್ಲ, ಉದ್ದಕ್ಕೆ ಮಲಗಿ ನಿದ್ದೆ ಮಾಡಲೇಬೇಕು ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು.

ಬಾಣಂತನದ ಯಜಮಾನಿಕೆ ನಮ್ಮ ದೊಡ್ಡವ್ವನದು, ಅಪ್ಪನ ಅಣ್ಣನ ಹೆಂಡತಿ. ಕೆಂಡ ಇಟ್ಟದ್ದೂ ಆಕೆಯೇ. ಬರೀ ಚಾಪೆಯ ಮೇಲೆ ಬೆನ್ನು ಚಾಚಲಾಗುವುದಿಲ್ಲ, ಹೊಸ ಹಾಸಿಗೆ ತರೋಣ ಎಂಬ ನನ್ನ ಮಾತು ಆಕೆಗೆ ಹಿಡಿಸಲಿಲ್ಲ.

“ಬಾಣಂತಿಗೆ ಸ್ಪಂಜಾ? ಮೈ ಕಾವೆಲ್ಲ ಎಳ್ಕತದೆ. ಆಸ್ಗೆ ಗೀಸ್ಗೆ ಎಲ್ಲ ಗಂಡನ್ ಮನೆಯೋರು ಆಮೇಲ್ ತರ್ತಾರೆ ಬುಡು. ಈಗ ಏನಾರ ಆಯ್ತಾ? ಮೊಗ ಚಂದಾಗದೆ, ಅವ್ಳೂ ಚಂದಾಗವ್ಳೆ. ಅದ್ನೇ ಎಷ್ಟ್ ದಿನಾಂತ ಜಗೀತಾ ಕೂತ್ಕತೀಯೆ?”

“ಅವ್ಳು ಮಲಗೋಗಂಟ ಜಗೀತೀನಿ ದೊಡ್ಡವ್ವ.”

“ನಿನ್ ಪಾಠ ನಿನ್ ಕಾಲೇಜ್ನಾಗೆ ಮಡಿಕೊ.”

‘ಏನೂ ಆಗಲಿಲ್ಲ’ ಎಂಬ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆಗಿತ್ತು. ಮನೆಯೊಳಗೆ ಆಗಿತ್ತು, ಎಲ್ಲರ ಕಣ್ಣೆದುರಿಗೆ ಆಗಿತ್ತು, ಆಗಿದ್ದಕ್ಕೆ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು.

ಮೊದಲು ನಾಗಮಂಗಲದಲ್ಲಿ, ಕಾಲೇಜು ಬಿಟ್ಟ ಮೇಲೆ, ಬಸ್‌ಸ್ಟ್ಯಾಂಡಿನ ಹತ್ತಿರದ ಹಾಸಿಗೆ ಅಂಗಡಿಯೊಂದಕ್ಕೆ ಹೋದೆ. ಮಾಲೀಕ ಅಂಗೈಯಗಲದ ಸ್ಪಂಜಿನ ತುಂಡುಗಳನ್ನು ಮೇಜಿನ ಮೇಲೆ ಹರವಿ, ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಹಾಸಿಗೆಗಳು ಮಾತ್ರ ಗೋಡೆಗೆ ಸಾಲಾಗಿ ನಿಂತಿದ್ದವು, ಪ್ಲಾಸ್ಟಿಕ್ಕಿನೊಳಗೆ.

“ಬಾಣಂತಿಗಾ ಮೇಡಂ? ಅಂಗಾರೆ ದುಬಾರೀದ್ಯಾಕೆ? ಮೊಗ ಉಚ್ಚೆ ಉಯ್ತದೆ, ಆರ್ ತಿಂಗ್ಳಿಗೆ ಎಸೀತೀರ. ಇದ ತಗೊಂಡೋಗಿ, ಅಗ್ಗ.”

“ಮಗು ಉಚ್ಚೆ ಹೊಯ್ಯುತ್ತೆ ಅಂತ ತಾಯಿ ಬೆನ್ನು ಮುರ್ಕೋಬೇಕಾ? ಒಂದನ್ನ ಕೆಳಗೆ ಹಾಸಿ. ಮಲಗಿ ನೋಡ್ತೀನಿ.”

“ಮಲಗಿ?” ಆತ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನ ಕಡೆ ತಿರುಗಿದ. “ಕೇಳುದ್ಯೇನ್ಲಾ? ನಮ್ ಅಂಗ್ಡೀಲಿ ಮಲಗ್ತಾರಂತೆ.”

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿ ನೋಡುತ್ತೇವೆ, ಚಪ್ಪಲಿ ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆಯುತ್ತೇವೆ. ವರ್ಷಗಟ್ಟಲೆ ಮೈ ಇಡುವ ವಸ್ತುವನ್ನು ಮಾತ್ರ ಹೆಬ್ಬೆರಳಿನಿಂದ ಒತ್ತಿ ಮನೆಗೆ ತರಬೇಕೆ? ಬರಿಗೈಯಲ್ಲಿ ಬಸ್ಸು ಹತ್ತಿದೆ.

ಅಷ್ಟರಲ್ಲಿ ಸುದ್ದಿ ಕೆ.ಆರ್. ಪೇಟೆ ಮುಟ್ಟಿತ್ತು. ತಂಗಿಯ ಗಂಡನ ಊರು ಅದು. ಭಾನುವಾರ ಅವನು ಗೂಡ್ಸ್ ಆಟೋದಲ್ಲಿ ಒಂದು ದಪ್ಪ ಹಾಸಿಗೆ ಹೇರಿಕೊಂಡು ಬಂದ. ಹೊದಿಕೆಯ ಮೇಲೆ ಗುಲಾಬಿ ಹೂ, ಮಂಡಿಯೆತ್ತರ, ಕೈ ಇಟ್ಟರೆ ಮೊಣಕೈವರೆಗೆ ಒಳಗೆ.

“ಅತ್ತಿಗೆ, ದೊಡ್ ದೊಡ್ ಓಟ್ಲಲ್ಲಿ ಆಕ್ತಾರಲ್ಲ, ಅಂತದ್ದು,” ಎಂದ. ಒಳ್ಳೆಯ ಹುಡುಗ. ಹೆಂಡತಿ ಕೂತೇ ಇರುತ್ತಾಳೆಂದು ಕೇಳಿ ಎರಡು ದಿನ ಅನ್ನ ಸೇರಿರಲಿಲ್ಲವಂತೆ.

ಅವನ ಮುಖ ನೋಡಿ ತಂಗಿ ಪ್ಲಾಸ್ಟಿಕ್ಕಿನ ಮೇಲೇ ಮಲಗಿದಳು. ಸೊಂಟ ಕುಸಿಯಿತು, ಎರಡೂ ಪಕ್ಕ ಹಾಸಿಗೆ ಗೋಡೆಯ ಹಾಗೆ ಎದ್ದಿತು. ಮಗ್ಗುಲಾಗಲು ನೋಡಿದಳು. ಊರಿದ ಮೊಣಕೈಯೂ ಒಳಗೆ ಹೋಯಿತು. ಹೊಟ್ಟೆ ಬಿಗಿಹಿಡಿದು ಏಳಬೇಕಾಯಿತು, ಹೊಲಿಗೆ ಜಗ್ಗಿತು.

“ಇದು ನನ್ನ ನುಂಗ್ತದೆ. ಬ್ಯಾಡ,” ಎಂದಳು.

“ಈಗೆಲ್ರೂ ಇದ್ನೇ ತಗೋತಾವ್ರೆ ಕಣೆ.”

“ಎಲ್ರೂ ಒಟ್ಟೆ ಕುಯ್ಸ್ಕೊಂಡ್ ಮಲಗವ್ರಾ?”

ಅವನು ಹಾಸಿಗೆಗೆ ಮತ್ತೆ ಹಗ್ಗ ಬಿಗಿದ. ಪ್ಲಾಸ್ಟಿಕ್ ಹರಿದಿರಲಿಲ್ಲವಾದ್ದರಿಂದ ಅಂಗಡಿಯವನು ವಾಪಸು ತೆಗೆದುಕೊಂಡನಂತೆ, ಒಂದಿಷ್ಟು ಬೈದು.

ಆ ಮಧ್ಯಾಹ್ನ ನನಗೆ ಒಂದು ವಿಷಯ ಗಟ್ಟಿಯಾಯಿತು. ಇವಳ ಬೆನ್ನಿಗೆ ಹಾಸಿಗೆಯನ್ನು ನಾನು ಆರಿಸಲಾರೆ, ಗಂಡನೂ ಆರಿಸಲಾರ. ಅವಳೇ ಬರಬೇಕು. ಶ್ರೀರಂಗಪಟ್ಟಣದಲ್ಲಿ ಮಂಚದ ಮೇಲೆ ಹಾಸಿಯೇ ತೋರಿಸುವ ಅಂಗಡಿಯೊಂದಿದೆ ಎಂದು ಜೊತೆಯ ಮೇಷ್ಟ್ರೊಬ್ಬರು ಹೇಳಿದ್ದರು. ಆದರೆ ಬಾಣಂತಿ ಮೂರು ತಿಂಗಳು ಹೊಸ್ತಿಲು ದಾಟಬಾರದು. ಆಸ್ಪತ್ರೆಗಾದರೆ ಬೇರೆ ಮಾತು. ಅಂಗಡಿಗೆ ಹೋದ ಬಾಣಂತಿಯನ್ನು ನಮ್ಮ ಬೀದಿ ಕಂಡಿರಲಿಲ್ಲ.

ಆದರೂ ಶ್ರೀರಂಗಪಟ್ಟಣಕ್ಕೆಂದು ಬಾಡಿಗೆ ಕಾರು ಕರೆಸಿದೆ. ಕಾರು ಬಂದು ನಿಂತಾಗ ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಳು.

“ಅಸೀ ಮೈಲಿ ವಸ್ಲು ದಾಟ್ಬುಟ್ಟು, ಗಾಳಿ ಗೀಳಿ ತಾಕುದ್ರೆ ಯಾರೇ ದಿಕ್ಕು?”

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿಯೇ ಹೇಳಿದಳು. ಆ ಘಟನೆಯ ನಂತರ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಬೆಂಕಿ ವಳಗೇ ಬಂದಿತ್ತಲ್ಲ ದೊಡ್ಡವ್ವ. ವರಗೆ ಇನ್ನೇನದೆ?”

ದೊಡ್ಡವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅವ್ವ ಅಡುಗೆಮನೆಯಿಂದ ಬಂದು ಮಗಳ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿದಳು. “ನಡೀರಿ, ನಾನೂ ಬತ್ತೀನಿ,” ಎಂದಳು. ಕಾರು ಹೊರಡುವಾಗ ದೊಡ್ಡವ್ವ ಓಡಿಬಂದು ಕಿಟಕಿಯಿಂದ ಕೈ ತೂರಿಸಿ, ಮಗುವಿನ ಬಟ್ಟೆಯೊಳಗೆ ಬೇವಿನ ಎಸಳು ಸಿಕ್ಕಿಸಿದಳು. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದಳು.

ಅಂಗಡಿಯವರು ವಯಸ್ಸಾದವರು, ಸಭ್ಯರು. ಆದರೂ ತಲೆಗೆ ಬಟ್ಟೆ ಕಟ್ಟಿದ ಹಸೀ ಬಾಣಂತಿ ಒಳಗೆ ಬಂದದ್ದನ್ನು ಕಂಡು ಕುರ್ಚಿಯಿಂದ ಎದ್ದು ನಿಂತರು.

“ಕೂತ್ಕೊಳಮ್ಮ, ಮೊದ್ಲು ಕೂತ್ಕೋ. ಮನೆಗೇ ಕಳಿಸ್ತಿದ್ನಲ್ಲ.”

“ಕೂತೂ ಕೂತೂ ಸಾಕಾಗದೆ. ಮಲಗಕ್ಕೇ ಬಂದಿವ್ನಿ,” ಎಂದಳು ತಂಗಿ. “ಮೊದ್ಲು ಇದ ಎತ್ತಿ, ಅಡೀಲಿ ಏನದೆ ತೋರ್ಸಿ.”

“ಅಡೀಲಿ ಏನಿರ್ತದಮ್ಮ? ಬಟ್ಟೆ.”

“ಅದ್ನೇ ನೋಡ್ಬೇಕು.”

ಅವರು ನನ್ನ ಮುಖ ನೋಡಿದರು. ಎತ್ತಿ ಎಂದು ಸನ್ನೆ ಮಾಡಿದೆ. ಎತ್ತಿದರು. ತಂಗಿ ಅಡಿಯ ಬಟ್ಟೆ ಸವರಿದಳು, ಕೆಳಗಿನ ಹಲಗೆ ಸವರಿದಳು, ಬಗ್ಗಿ ಮಂಚದ ಕೆಳಗಿನ ಖಾಲಿ ನೆಲವನ್ನೂ ನೋಡಿದಳು. ಆಮೇಲೆ ಮಲಗಿದಳು.

ಮೊದಲನೆಯದು ಕಲ್ಲಿನ ಹಾಗಿತ್ತು. ಅಂಗಾತ ಮಲಗಿದರೆ ಸೊಂಟದ ಕೆಳಗೆ ನನ್ನ ಕೈ ಸಲೀಸಾಗಿ ಆಚೆಗೆ ಹೋಗಿಬಂತು. ಅಲ್ಲಿ ಅವಳ ಬೆನ್ನಿಗೆ ಆಸರೆಯೇ ಇರಲಿಲ್ಲ. ಇನ್ನೊಂದು ಕೆ.ಆರ್. ಪೇಟೆಯದರ ತಮ್ಮನಂತಿತ್ತು, ಅಂಚಿನಲ್ಲಿ ಕೂತರೆ ಜಾರುತ್ತಿತ್ತು. ಆಮೇಲೆ ಹಾಸಿದ್ದು ತೆಂಗಿನ ನಾರಿನದು, ಮೇಲೆ ರಬ್ಬರಿನ ತೆಳು ಪದರ. ಅದರ ಮೇಲೆ ಅವಳು ಮೊಣಕೈ ಊರದೆ ಮಗ್ಗುಲಾದಳು. ಮತ್ತೊಂದು ಮಗ್ಗುಲಿಗೂ ಹೊರಳಿದಳು. ಅಂಚಿಗೆ ಬಂದು, ಹೊಟ್ಟೆ ಹಿಡಿದುಕೊಳ್ಳದೆ ಕಾಲು ಇಳಿಬಿಟ್ಟಳು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಮಗು ಅತ್ತಿತು. ತಂಗಿ ಸೆರಗು ಹೊದ್ದು, ಅಲ್ಲೇ ಮಗ್ಗುಲಾಗಿ ಹಾಲು ಕುಡಿಸತೊಡಗಿದಳು. ಮಂಚ ನೋಡಲು ಬಂದಿದ್ದ ಗಂಡ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ಆತ ಗಂಟಲು ಸರಿಮಾಡಿಕೊಂಡು, “ಇದೇನು ಅಂಗ್ಡೀನೋ ಹೆರಿಗೆ ವಾರ್ಡೋ?” ಎಂದ.

“ಎರಡೂ,” ಎಂದೆ. “ನೀವು ಆಮೇಲೆ ಬನ್ನಿ.”

ಅವನ ಹೆಂಡತಿ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಹೋಗುವಾಗ ತಿರುಗಿ ಅದು ಯಾವ ಹಾಸಿಗೆ ಎಂದು ನೋಡಿಕೊಂಡಳು.

ಅದಕ್ಕಿಂತ ದುಬಾರಿಯದೂ ಅಂಗಡಿಯಲ್ಲಿತ್ತು, ಅಗ್ಗದ್ದೂ ಇತ್ತು. ಹೊದಿಕೆಗೆ ಜಿಪ್ ಇದೆ, ಬಿಚ್ಚಿ ಒಗೆಯಬಹುದು ಎಂದು ಅವ್ವ ತಾನೇ ಎಳೆದು ನೋಡಿ ಖಾತ್ರಿ ಮಾಡಿಕೊಂಡಳು. ಎರಡು ದಿಂಬು ಪುಕ್ಕಟೆ ಎಂದರು ಅಂಗಡಿಯವರು.

“ದಿಂಬು ನಮ್ಮನೇಲಿ ರಾಶಿ ಅವೆ. ದಿಂಬು ನೀವೇ ಮಡಿಕೊಂಡು ರೇಟ್ ಇಳ್ಸಿ ಅಣ್ಣ,” ಎಂದಳು ಅವ್ವ.

“ಫ್ರೀ ಅಂದ್ರೆ ಫ್ರೀ ಕಣಮ್ಮ. ಅದ್ರಲ್ಲಿ ಇಳ್ಸಕ್ಕೆ ಏನದೆ?”

“ಫ್ರೀ ಕೊಟ್ಟು ನೀವು ಬದುಕ್ತೀರಾ? ಬುಡಿ, ಇಳ್ಸಿ.”

ಇಳಿಸಿದರು. ಸಾಗಿಸುವ ಬಾಡಿಗೆಯನ್ನೂ ಅವ್ವ ಅದರಲ್ಲೇ ಸೇರಿಸಿದಳು.

ಹಾಸಿಗೆಯನ್ನು ಹಗ್ಗದ ಮಂಚದ ಮೇಲೆ ಹಾಸಲು ನಾನು ಬಿಡಲಿಲ್ಲ. ಒಳಕೋಣೆಯ ಹಲಗೆ ಮಂಚವನ್ನು ತಂದು ಹಾಕಿಸಿದೆ. ಕೆಂಡದ ಬಟ್ಟಲು ಇನ್ನು ಈ ಕೋಣೆಯ ಹೊಸ್ತಿಲು ದಾಟುವುದಿಲ್ಲ ಎಂದೆ. ದೊಡ್ಡವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಕೂಸಿಗೆ ಸಾಂಬ್ರಾಣಿಯಾದರೂ ಬೇಡವೇನೆ ಎಂದು ಕೇಳಿದಳು. ಹಿತ್ತಿಲಲ್ಲಿ, ಪಕ್ಕದಲ್ಲಿ ನೀರು ತುಂಬಿದ ಬಕೆಟ್ ಇಟ್ಟುಕೊಂಡು, ಹಾಕು ಎಂದಳು ತಂಗಿ. ಹಾಗೇ ನಡೆಯಿತು. ನಮ್ಮನ್ನು ಸೊಕ್ಕಿನವರು ಎಂದು ಬೀದಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ.

ಹಾಸಿಗೆ ಬಂದ ದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಂಗಿ ಮಲಗುತ್ತಿದ್ದಳು, ಆದರೆ ಒಂದು ಕೈ ಹಾಸಿಗೆಗೂ ಹಲಗೆಗೂ ನಡುವೆ ತೂರಿಯೇ ಇರುತ್ತಿತ್ತು. ತಣ್ಣಗಿದೆಯೇ ಎಂದು ನೋಡುವುದು, ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು, ಮತ್ತೆ ನೋಡುವುದು. ಕೆಳಗೆ ಚಾಪೆಯ ಮೇಲೆ ನಾನು. ಅವಳ ಕೈ ಅಲ್ಲಾಡಿದರೆ ನನಗೆ ಎಚ್ಚರವಾಗುತ್ತಿತ್ತು. “ತಣ್ಗದೆ ಮಲಿಕೊ,” ಎನ್ನುತ್ತಿದ್ದೆ. “ನೀನೂ ಮಲಿಕೊ,” ಎನ್ನುತ್ತಿದ್ದಳು. ಇಬ್ಬರೂ ಮಲಗುತ್ತಿರಲಿಲ್ಲ. ಆದರೆ ಹೊಲಿಗೆ ಒಣಗಿತು. ಹಾಲು ಹೆಚ್ಚಿತು. ಮಗುವಿನ ಕೆನ್ನೆ ತುಂಬಿತು. ಕೈ ನಿಧಾನವಾಗಿ ಹಲಗೆಯಿಂದ ಹಾಸಿಗೆಯ ಅಂಚಿಗೆ ಬಂತು.

ಒಂದು ಸೋಮವಾರ ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಡೇರಿಗೆ ಹಾಲು ಹಾಕುವ ಹೊತ್ತು ಮೀರಿ, ಕ್ಯಾನುಗಳ ಸದ್ದೂ ಅಡಗಿತ್ತು. ಮೂಗು ತಾನಾಗಿಯೇ ವಾಸನೆ ಹುಡುಕಿತು. ಏನೂ ಇರಲಿಲ್ಲ. ಎದ್ದು ನೋಡಿದೆ. ತಂಗಿ ಗೋಡೆಯ ಕಡೆ ಮಗ್ಗುಲಾಗಿ, ಬಾಯಿ ತುಸು ತೆರೆದು ಗೊರಕೆ ಹೊಡೆಯುತ್ತಿದ್ದಳು. ಮಗು ಅವಳ ಎದೆಗೆ ಅಂಟಿಕೊಂಡಿತ್ತು. ಯಾವಾಗಲೋ ಎದ್ದು, ಕುಡಿದು, ಅಲ್ಲೇ ಮಲಗಿತ್ತು. ಅದು ನನಗೂ ಕೇಳಿಸಿರಲಿಲ್ಲ, ಅವಳಿಗೂ ನೆನಪಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವಳ ಎರಡೂ ಕೈ ಹೊದಿಕೆಯ ಮೇಲಿದ್ದವು.

ದೊಡ್ಡವ್ವ ಬಾಗಿಲು ತಳ್ಳಿದಳು. “ಇಸ್ಟೊತ್ಗಂಟ ಬಾಣಂತಿ ಮಲಗ್ತಾಳಾ? ಬಿಸ್ಲೇರದೆ, ಎಬ್ಸೇ.”

ನಾನು ಬಾಗಿಲಿಗೆ ಅಡ್ಡ ನಿಂತೆ.

“ಏರ್ಲಿ ಬುಡು ದೊಡ್ಡವ್ವ. ಅವ್ಳಾಗೇ ಏಳೋಗಂಟ ಯಾರೂ ಎಬ್ಸಂಗಿಲ್ಲ.”

ದೊಡ್ಡವ್ವ ನನ್ನ ಹೆಗಲ ಮೇಲಿಂದ ಇಣುಕಿ, ಗೊರಕೆ ಕೇಳಿದಳು. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಆ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಚಾಪೆಯನ್ನು ಬಿಸಿಲಿನಿಂದ ಈಚೆಗೆ ಎಳೆದುಕೊಂಡು ಮತ್ತೆ ಮಲಗಿದೆ.