ಟ್ರಾನ್ಸಿಸ್ಟರ್ ಮೇಲಿಟ್ಟ ಕೈಗಡಿಯಾರ

ಕೆಟ್ಟ ಗಡಿಯಾರದ ಮೇಲೆ ಸಿಟ್ಟು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರು. ನಾನಂತೂ ನನ್ನದನ್ನು ಗೋಡೆಗೆ ಬಡಿಯುವುದೊಂದು ಬಾಕಿ. ಅರವತ್ತರ ದಶಕದ ನಡುವಿನ ಮಾತು. ಆಗ ನಾನು ಯಲಹಂಕದ ಕಡೆ ಹೆರಿಗೆ ನರ್ಸು. ಹಳ್ಳಿಗಳಿಂದ ಕರೆ ಬಂದರೆ ಚೀಲ ಹಿಡಿದು ಹೊರಡಬೇಕು. ಕೆಲಸಕ್ಕೆ ಸೇರಿದಾಗ ಅಣ್ಣ ಕೊಡಿಸಿದ ಕೈಗಡಿಯಾರವೇ ನನ್ನ ಅರ್ಧ ಕಸುಬು. ನಾಡಿ ಎಣಿಸುವುದಕ್ಕೂ, ಬಸುರಿಯ ಹೊಟ್ಟೆಗೆ ಮರದ ಕೊಳವೆ ಇಟ್ಟು, ಕಿವಿಗೊಟ್ಟು ಮಗುವಿನ ಎದೆಬಡಿತ ಎಣಿಸುವುದಕ್ಕೂ ಅದರ ಸೆಕೆಂಡಿನ ಮುಳ್ಳೇ ಗತಿ.

ಅದನ್ನು ಕಣ್ಣಿನ ಹಾಗೆ ನೋಡಿಕೊಂಡಿದ್ದೆ. ನಮ್ಮ ಮನೆಗೆ ಹೊಸದಾಗಿ ಟ್ರಾನ್ಸಿಸ್ಟರ್ ರೇಡಿಯೊ ಬಂದಿತ್ತು. ಸಂಜೆ ಬಂದವಳೇ ಗಡಿಯಾರ ಬಿಚ್ಚಿ ಟ್ರಾನ್ಸಿಸ್ಟರಿನ ಚರ್ಮದ ಚೀಲದ ಪಟ್ಟಿಗೆ ಸಿಕ್ಕಿಸುತ್ತಿದ್ದೆ. ಬೆಳಿಗ್ಗೆ ವಾರ್ತೆಗೆ ಮುಂಚೆ ಪೀಂ ಪೀಂ ಎಂದಾಗ ಮುಳ್ಳು ಸರಿಪಡಿಸಿ, ಕೀಲಿ ಕೊಟ್ಟು, ಕೈಗೆ ಕಟ್ಟಿಕೊಳ್ಳುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ಆ ಪೀಡೆ ಗಂಟೆಗೆ ಹತ್ತು ನಿಮಿಷ ಮುಂದೆ ಓಡತೊಡಗಿತು!

"ನಿನ್ನ ಕೋಪಕ್ಕೆ ಹೆದರಿ ಓಡ್ತಿದೆ ಕಣೇ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಶವಂತಪುರದಲ್ಲಿ ಸ್ಟೇಷನ್ನಿನ ಹತ್ತಿರ ವಯಸ್ಸಾದ ಗಡಿಯಾರ ರಿಪೇರಿಯವರೊಬ್ಬರಿದ್ದರು. ವಾರ ಇಟ್ಟುಕೊಂಡು ಸರಿಮಾಡಿ ಕೊಟ್ಟರು. ಆ ದಿನ ನೆಟ್ಟಗೆ ನಡೆಯಿತು. ಮಾರನೆಯ ದಿನ ಮತ್ತೆ ಅದೇ ಓಟ. ಎರಡನೆಯ ಸಲ ಹೋದಾಗ ಅಂಗಡಿಯ ಮುಂದೆ ನಿಂತು ಚೆನ್ನಾಗಿ ಮಂಗಳಾರತಿ ಎತ್ತಿದೆ. ಪಾಪ, ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಟ್ಟರೆ ತಾನೆ! ಸರಿಮಾಡಿಸಿಕೊಂಡು ಬಂದೆ, ಎರಡೇ ದಿನದಲ್ಲಿ ಮತ್ತೆ ಕೆಟ್ಟಿತು. ಸಾಕಾಗಿ ಹೋಯಿತು. ಗಂಟೆಯ ಮುಳ್ಳು ಓಡಿದರೆ ಓಡಲಿ, ದಿನಾ ಬೆಳಿಗ್ಗೆ ಸರಿಪಡಿಸಿದರಾಯಿತು, ಸೆಕೆಂಡಿನ ಮುಳ್ಳು ಅದರ ಪಾಡಿಗೆ ಸುತ್ತುತ್ತಿದೆಯಲ್ಲ ಎಂದುಕೊಂಡೆ. ಓದಿದವಳು ನಾನು! ಈಗಲೂ ನೆನೆದರೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಆ ದಿನಗಳಲ್ಲೇ ಬಾಗಲೂರಿನ ಆಚೆಯ ಒಂದು ಹಳ್ಳಿಯ ಮನೆಯಿಂದ ಕರೆ ಬಂತು. ಆ ಊರಲ್ಲಿ ಹೆರಿಗೆಯೆಲ್ಲ ಸೂಲಗಿತ್ತಿಯದೇ. ನನ್ನನ್ನು ಒಳಗೆ ಬಿಟ್ಟುಕೊಳ್ಳುವಂತೆ ಆ ಮನೆಯ ಅತ್ತೆಯನ್ನು ಒಪ್ಪಿಸುವುದಕ್ಕೆ ಒಂದು ವರ್ಷ ಓಡಾಡಿದ್ದೆ. ಊರಿಗೆ ದೊಡ್ಡ ಮನೆ ಅದು. ಅಲ್ಲಿ ಗೆದ್ದರೆ ಊರೆಲ್ಲ ನನ್ನನ್ನು ಕರೆಯುತ್ತಿತ್ತು.

ಹಿರಿಸೊಸೆಗೆ ಬೆಳಗಿನಿಂದ ನೋವು. ಕೊಳವೆ ಇಟ್ಟು ಎಣಿಸಿದೆ. ನಿಮಿಷಕ್ಕೆ ನೂರ ಎಂಟು. ನೂರ ಇಪ್ಪತ್ತಕ್ಕಿಂತ ಕೆಳಗಿಳಿದರೆ ಮಗುವಿಗೆ ಅಪಾಯ ಎಂದು ನಮಗೆ ಕಲಿಸಿದ್ದರು. ಮತ್ತೆ ಎಣಿಸಿದೆ, ನೂರ ಏಳು. ಗಾಡಿ ಕಟ್ಟಿ, ಆಸ್ಪತ್ರೆಗೆ ಸಾಗಿಸಲೇಬೇಕು ಎಂದು ಹಟ ಹಿಡಿದೆ.

"ಮಗ ಚೆನ್ನಾಗಿ ಒದೀತಾ ಐತೆ ಅಕ್ಕಾ" ಎಂದಳು ಆ ಹುಡುಗಿ.

"ನಿನಗೇನ್ ಗೊತ್ತು, ಸುಮ್ನಿರು" ಎಂದು ಗದರಿಸಿದೆ.

ಎತ್ತಿನ ಗಾಡಿಯ ಕುಲುಕಾಟಕ್ಕೆ ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಅರ್ಧ ದಾರಿಯೂ ಆಗಿರಲಿಲ್ಲ, ಹೊಂಗೆ ಮರದ ಕೆಳಗೆ ಗಾಡಿಯಲ್ಲೇ ಹೆರಿಗೆಯಾಯಿತು. ದಾರಿಹೋಕರು ಕಾಣದಂತೆ ಅತ್ತೆ ತಮ್ಮ ಸೆರಗನ್ನೇ ಅಡ್ಡ ಹಿಡಿದು ನಿಂತಿದ್ದರು. ಗಂಡು ಮಗು, ಕೆಂಪಗೆ, ಗುಂಡಗೆ. ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ಅದಕ್ಕೆ ಯಾವ ಅಪಾಯವೂ ಇರಲಿಲ್ಲ.

"ಮನೇಲಿ ಉಟ್ಟೋ ಮಗಾನ ಬೀದೀಲಿ ಉಟ್ಟಿಸ್ಬುಟ್ಟೆಯಲ್ಲವ್ವ" ಎಂದರು ಅತ್ತೆ.

ಮೂರನೆಯ ಸಲ ಯಶವಂತಪುರಕ್ಕೆ ಹೋದಾಗ ಕೂಗಾಡುವುದಕ್ಕೂ ತ್ರಾಣವಿರಲಿಲ್ಲ. ರಿಪೇರಿಯವರು ಒಂದು ಪುಟ್ಟ ದಿಕ್ಸೂಚಿ ತೆಗೆದು ನನ್ನ ಗಡಿಯಾರದ ಹತ್ತಿರ ಹಿಡಿದರು. ಅದರ ಮುಳ್ಳು ಗರಕ್ಕನೆ ತಿರುಗಿತು.

"ಇದಕ್ಕೆ ಅಯಸ್ಕಾಂತ ಹಿಡಿದಿದೆಯಮ್ಮ. ಒಳಗಿನ ಸ್ಪ್ರಿಂಗಿನ ಸುತ್ತು ಒಂದಕ್ಕೊಂದು ಅಂಟಿಕೊಂಡು ಓಡ್ತಿದೆ. ಮನೇಲಿ ಎಲ್ಲಿ ಇಡ್ತೀರಿ?"

ಹೇಳಿದೆ.

"ಅಯ್ಯೋ! ಟ್ರಾನ್ಸಿಸ್ಟರ್ ಸ್ಪೀಕರಲ್ಲಿ ಇರೋದೇ ಅಯಸ್ಕಾಂತ ಅಲ್ವೇನಮ್ಮ? ಎರಡು ಸಲ ನಾನು ಬಿಡಿಸಿ ಕೊಟ್ಟೆ, ನೀವು ಮತ್ತೆ ಹಿಡಿಸ್ಕೊಂಡು ಬಂದ್ರಿ."

"ಮತ್ತೆ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ನೀವು ಹೇಳೋಕೆ ಬಿಟ್ರಾ?"

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಗಂಟೆಯ ಮುಳ್ಳು ಓಡಿದರೆ ಸೆಕೆಂಡಿನ ಮುಳ್ಳೂ ಓಡಲೇಬೇಕಲ್ಲ. ನನ್ನ ಗಡಿಯಾರದ ನಿಮಿಷದಲ್ಲಿ ಇದ್ದದ್ದು ಐವತ್ತೊಂದು ಸೆಕೆಂಡು, ಅಷ್ಟೆ. ಪೂರ್ತಿ ನಿಮಿಷಕ್ಕೆ ಆ ಮಗುವಿನ ಬಡಿತ ನೂರ ಇಪ್ಪತ್ತಾರು. ಯಾವ ತೊಂದರೆಯೂ ಇಲ್ಲದ ಬಡಿತ. ಪಕ್ಕದಲ್ಲಿ ಕೂತವರು ನೋಡಿದರೂ ಸರಿಯೇ ಎಂದು ಅತ್ತುಬಿಟ್ಟೆ.

ಮರುದಿನವೇ ಆ ಮನೆಗೆ ಹೋದೆ. ತಪ್ಪು ಗಡಿಯಾರದ್ದು ಎಂದರೆ ಅರ್ಥ ಮಾಡಿಕೊಂಡಾರು ಎಂಬ ಆಸೆ. ಅಯಸ್ಕಾಂತದ ಕಥೆಯನ್ನೆಲ್ಲ ಹೇಳಿದೆ. ಅತ್ತೆ ರಾಗಿ ಕೇರುತ್ತಲೇ ಕೇಳಿಸಿಕೊಂಡರು. ಆಮೇಲೆ ಮೊರ ಕೆಳಗಿಟ್ಟರು.

"ಅದು ಕೆಟ್ಟೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಅದ್ನ ಇಟ್ಕೊಂಡು ನನ್ ಸೊಸೆ ಒಟ್ಟೆ ಮೇಲೆ ಎಣಿಸಿದೆಯಾ?"

ಅಯಸ್ಕಾಂತವನ್ನು ದೂರಬಹುದು, ಟ್ರಾನ್ಸಿಸ್ಟರನ್ನು ದೂರಬಹುದು. ಗೊತ್ತಿದ್ದೂ ಎಣಿಸಿದವಳು ನಾನೇ. ಕುಡಿಯಲು ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಮುಂದಿನ ವರ್ಷ ಅದೇ ಮನೆಯ ಕಿರಿಸೊಸೆಗೆ ದಿನ ತುಂಬಿತು. ಇಂದು ಕರೆದಾರು, ನಾಳೆ ಕರೆದಾರು ಎಂದು ಚೀಲ ಸಿದ್ಧಮಾಡಿಕೊಂಡು ಕಾದೆ. ಕರೆ ಬರಲಿಲ್ಲ. ಸಂತೆಯಲ್ಲಿ ಸಿಕ್ಕ ಆ ಊರಿನ ಹೆಂಗಸೊಬ್ಬಳು ಸುದ್ದಿ ಹೇಳಿದಳು: ಸೂಲಗಿತ್ತಿಯೇ ಮಾಡಿಸಿದಳಂತೆ, ಹೆಣ್ಣು ಮಗುವಂತೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ. ಹೆರಿಗೆ ಸುಸೂತ್ರವಾಯಿತೆಂದು ಕೇಳಿ ನನ್ನ ಹೊಟ್ಟೆ ಉರಿದದ್ದು ಅದೊಂದೇ ಸಲ.